ಸೈಕಲ್ ರಜೆಯಲ್ಲಿ ರೈಲು ಹತ್ತಿದರೆ ಮೋಸವಾ?

ಚಿಕ್ಕಪ್ಪ: (ಫಾರ್ವರ್ಡ್) "ಡಾನ್ಯೂಬ್ ದಂಡೆಯಲ್ಲಿ ಸೈಕಲ್ ರಜೆ! ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ. ಸುಸ್ತಾದ ಕಡೆ ಸೈಕಲ್ ಸಮೇತ ರೈಲು ಹತ್ತಿ!"
ಎಲ್ಲರೂ ಓದಿ. ಮುಂದಿನ ಮೇ ತಿಂಗಳಿಗೆ ಇದೇ.

ಭಾವ: ಓದಿದೆ ಮಾವ. ರೈಲು ಹತ್ತುವುದಾದರೆ ಸೈಕಲ್ ಯಾಕೆ? 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದೂ ನದಿ ಹರಿಯುವ ಕಡೆಗೇ, ಹೆಚ್ಚುಕಮ್ಮಿ ಸಮತಟ್ಟು. ಪೂರ್ತಿ ತುಳಿಯೋಣ. ನಡುವೆ ರೈಲು ಅಂದರೆ ಮೋಸ.

ಅಕ್ಕ: ರೀ, ಬಹುಮಾನ ಏನಾದರೂ ಇಟ್ಟಿದ್ದಾರಾ ಅಲ್ಲಿ? ಅತ್ತೆಯ ಮಂಡಿ ನೆನಪಿರಲಿ.

ಅತ್ತೆ: ನನ್ನ ಮಂಡಿ ವಿಷಯ ಬಿಡಿ. ನಾನು ಬ್ಯಾಟರಿ ಸೈಕಲ್ ತಗೊಳ್ಳುತ್ತೇನೆ.

ನಾನು: ತುಳಿಯುವುದಕ್ಕೆ ಹಗುರ ಅತ್ತೆ, ಎತ್ತುವುದಕ್ಕಲ್ಲ. 20–25 ಕೆ.ಜಿ. ಇರುತ್ತದೆ. ಕೆಲವು ರೈಲುಗಳಲ್ಲಿ ಚಕ್ರವನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ನೇತುಹಾಕಬೇಕು. ಅದಕ್ಕೆ ಮುಂಚೆ ಬ್ಯಾಗು, ಬ್ಯಾಟರಿ ಎಲ್ಲ ಬಿಚ್ಚಬೇಕು. ಹಿಂದೆ ನಿಂತವರು ಗಡಿಯಾರ ನೋಡುತ್ತಿರುತ್ತಾರೆ.

ಅಣ್ಣ: ರೈಲು ಹತ್ತುವುದು ಮೋಸವೇನಲ್ಲ ಭಾವ. ಆದರೆ ಈ ಫಾರ್ವರ್ಡ್ ಬರೆದವರು ರೈಲು ಮ್ಯಾಪ್ ನೋಡಿಲ್ಲ. "ಸುಸ್ತಾದ ಕಡೆ ಹತ್ತಿ" ಅಂತೆ! ಪಾಸೌ ಬಿಟ್ಟ ಮೇಲೆ ಮುಖ್ಯ ರೈಲು ದಾರಿ ನದಿಯನ್ನು ಬಿಟ್ಟು ವೆಲ್ಸ್ ಊರಿನ ಕಡೆಯಿಂದ ನದಿ ದಂಡೆಯ ಲಿಂಟ್ಜ್ ನಗರಕ್ಕೆ ಹೋಗುತ್ತದೆ. ನಡುವೆ ಶ್ಲೋಗನ್ ಅನ್ನೋ ಊರಿನ ಹತ್ತಿರ ನದಿ ಬೆಟ್ಟದ ಸುತ್ತ ತಿರುಗಿ ವಾಪಸ್ ಬಂದ ಹಾಗೆ ಬಳುಕುತ್ತದಲ್ಲ, ಎಲ್ಲರೂ ಫೋಟೋ ತೆಗೆಯುವ ಜಾಗ, ಅಲ್ಲಿ ಸ್ಟೇಷನ್ನೇ ಇಲ್ಲ. ಸೈಕಲ್ ಹತ್ತಿಸಿಕೊಳ್ಳುವ ಸಣ್ಣ ದೋಣಿಗಳಿವೆ, ಆಚೆ ದಡಕ್ಕೆ ಬಿಡುತ್ತವೆ. ಅಲ್ಲಿ ಸುಸ್ತಾದರೆ ಸುಮ್ನೆ ಕೂತು ಎದ್ದು ಮತ್ತೆ ತುಳಿಯಬೇಕು.

ಚಿಕ್ಕಪ್ಪ: ಹಾಗಾದರೆ ನೀನೇ ಹೇಳಪ್ಪ.

ಅಣ್ಣ: ಪಾಸೌನಿಂದ ಲಿಂಟ್ಜ್ ಎರಡು ದಿನ ಸೈಕಲ್. ಲಿಂಟ್ಜ್‌ನಿಂದ ಮುಂದಿನ ಮೆಲ್ಕ್ ಊರಿಗೆ ರೈಲು. ಮೆಲ್ಕ್‌ನಿಂದ ಕ್ರೆಮ್ಸ್ ಊರಿಗೆ ಮತ್ತೆ ಸೈಕಲ್, 35 ಕಿ.ಮೀ. ಆಸುಪಾಸು. ಅದು ವಾಖಾವ್ ಕಣಿವೆ, 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಅಲ್ಲಿ ಆತುರ ಬೇಡ. ಕ್ರೆಮ್ಸ್‌ನಿಂದ ವಿಯೆನ್ನಾಗೆ ರೈಲು.

ನಾನು: ಲೋಕಲ್ ರೈಲಿಗೆ ಸೈಕಲ್ ಸೀಟು ಬುಕ್ ಮಾಡಬೇಕಿಲ್ಲ, ಆದರೆ ಜಾಗ ತುಂಬಿದ್ದರೆ ಮುಂದಿನದಕ್ಕೆ ಕಾಯಬೇಕು. ವೇಗದ ರೈಲಿಗೆ ಮೊದಲೇ ಬುಕ್ ಮಾಡಲೇಬೇಕು.

ಭಾವ: ಯುರೋಪಿನಲ್ಲಿ ಈಗ ರೈಲಲ್ಲಿ ಸೈಕಲ್‌ಗೆ ಜಾಗ ಕಡ್ಡಾಯ ಅಲ್ವಾ? ಕಾನೂನೇ ಬಂದಿದೆ.

ಅಣ್ಣ: ಬಂದಿದೆ, 2025ರ ಜೂನ್‌ನಿಂದ. ಆದರೆ ಅದು ಹೊಸದಾಗಿ ಕೊಳ್ಳುವ ಅಥವಾ ದೊಡ್ಡ ರಿಪೇರಿಗೆ ಹೋಗುವ ರೈಲುಗಳಿಗೆ. ಓಡುತ್ತಿರುವ ಹಳೆಯವಕ್ಕಲ್ಲ. ಅದರಲ್ಲೂ ಕನಿಷ್ಠ 4 ಸೈಕಲ್. ನಾವು ಆರು ಜನ.

ಅಕ್ಕ: 😂

ಚಿಕ್ಕಪ್ಪ: ಮೂರು ಮೂರು ಜನ ಎರಡು ರೈಲಲ್ಲಿ ಹೋಗೋಣ. ನನ್ನದು ಮಡಚುವ ಸೈಕಲ್, ಮಡಚಿದರೆ ಲಗೇಜ್ ಲೆಕ್ಕ.

ಭಾವ: ನೀವೆಲ್ಲ ರೈಲಲ್ಲಿ ಹೋಗಿ. ಲಿಂಟ್ಜ್‌ನಿಂದ ನಾನು ತುಳಿದೇ ಬರುತ್ತೇನೆ.

ಅಕ್ಕ: ಮೆಲ್ಕ್‌ವರೆಗೇ 100 ಕಿ.ಮೀ. ಮೇಲಿದೆ. ಹೋಗಿ, ಆದರೆ ನಿಮ್ಮ ಬ್ಯಾಗು ನನ್ನ ಸೈಕಲ್‌ಗೆ ಕಟ್ಟಬೇಡಿ.

ಅತ್ತೆ: ಜಗಳ ಆಮೇಲೆ ಆಡಿ. ಪಾಸೌನಲ್ಲಿ ಬಾಡಿಗೆಗೆ ತಗೊಂಡ ಸೈಕಲ್ಲನ್ನು ವಿಯೆನ್ನಾದಲ್ಲಿ ವಾಪಸ್ ಕೊಡಬಹುದಾ ಅಂತ ಮೊದಲು ಕೇಳಿ.