ಓದಿದ್ದೆಲ್ಲ ಬೆಳಿಗ್ಗೆ ಮಾಯ, ಸ್ಟ್ರೆಸ್ ಹಾರ್ಮೋನ್ ಕಾರಣನಾ?

ನಿದ್ದೆಗೆಟ್ಟವನು:
ಸೆಕೆಂಡ್ ಪಿಯುಸಿ ಸೈನ್ಸ್. ರಾತ್ರಿ ಒಂದೂವರೆ ತನಕ ಓದ್ತೀನಿ, ಅಪ್ಪ ನಾಲ್ಕೂವರೆಗೆ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸ್ತಾರೆ, ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ರೆ ತಲೆಗೆ ಹತ್ತುತ್ತಂತೆ. ನಿನ್ನೆ ಆರ್ಗ್ಯಾನಿಕ್ ರಿಯಾಕ್ಷನ್ಸ್ ಅಷ್ಟೂ ಬಾಯಿಪಾಠ ಮಾಡಿ ಮಲಗಿದ್ದೆ, ಇವತ್ತು ಆಲ್ಡಾಲ್ ಅಂದ್ರೆ ಏನು ಅಂತನೇ ಬ್ಲ್ಯಾಂಕ್. ಟೆನ್ಷನ್‌ನಲ್ಲಿ ಮಲಗಿದ್ರೆ ಸ್ಟ್ರೆಸ್ ಹಾರ್ಮೋನ್ ನೆನಪನ್ನ ತಿಂದ್ಹಾಕುತ್ತೆ ಅಂತಾನೆ ಫ್ರೆಂಡು. ನಿಜನಾ, ವಾಟ್ಸಾಪ್ ಜ್ಞಾನನಾ?

ಬಯಾಲಜಿ ಮೇಷ್ಟ್ರು:
ಅರ್ಧ ನಿಜ ಕಣಪ್ಪಾ. ಆ ಸ್ಟ್ರೆಸ್ ಹಾರ್ಮೋನ್ ಹೆಸರು ಕಾರ್ಟಿಸೋಲ್, ಅದು ಕೆಟ್ಟದ್ದೇನಲ್ಲ, ಅದಕ್ಕೂ ಒಂದು ಟೈಮ್‌ಟೇಬಲ್ ಇದೆ ಅಷ್ಟೇ. ನಡುರಾತ್ರಿ ಹೊತ್ತಿಗೆ ತಳ ಮುಟ್ಟಿರುತ್ತೆ, ಬೆಳಗಿನ ಜಾವದಿಂದ ಏರ್ತಾ ಹೋಗಿ ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿಗೆ ಬರುತ್ತೆ. ಗಾಢ ನಿದ್ದೆ ಜಾಸ್ತಿ ಬರೋದು ರಾತ್ರಿಯ ಮೊದಲ ಭಾಗದಲ್ಲಿ, ಅಂದ್ರೆ ಕಾರ್ಟಿಸೋಲ್ ಕಡಿಮೆ ಇರೋವಾಗ, ಆಗ ಹೊಸ ನೆನಪು ಹಿಡಿದಿಡೋ ಮಿದುಳಿನ ಭಾಗ ಹಿಪ್ಪೋಕ್ಯಾಂಪಸ್ ಹಗಲು ಮೇದಿದ್ದನ್ನ ಹಸು ಥರ ಮೆಲುಕು ಹಾಕಿ ಮಿದುಳಿನ ಹೊರಪದರ ಕಾರ್ಟೆಕ್ಸ್‌ಗೆ ದಾಟಿಸ್ತಿರುತ್ತೆ. 1999ರಲ್ಲಿ ಜರ್ಮನಿಯ ಪ್ಲಿಹಾಲ್ ಮತ್ತು ಬಾರ್ನ್ ಇದನ್ನ ಟೆಸ್ಟ್ ಮಾಡಿದ್ರು, ಜನರಿಗೆ ಜೋಡಿ ಪದ ಬಾಯಿಪಾಠ ಮಾಡ್ಸಿ, ಕನ್ನಡಿಯಲ್ಲಿ ನೋಡ್ಕೊಂಡು ಗೆರೆ ತಿದ್ದೋದನ್ನೂ ಕಲಿಸಿ, ಮಲಗಿದ್ಮೇಲೆ ಡ್ರಿಪ್‌ನಲ್ಲಿ ಕಾರ್ಟಿಸೋಲ್ ಬಿಟ್ರು. ಪದಗಳಿಗೆ ನಿದ್ದೆಯಿಂದ ಆಗ್ಬೇಕಿದ್ದ ಲಾಭ ಹೋಯ್ತು, ಗೆರೆ ತಿದ್ದೋ ಕೈಚಳಕಕ್ಕೆ ಮಾತ್ರ ಏನೂ ಆಗ್ಲಿಲ್ಲ. ಸೈಕಲ್ ಮರೆಯಲ್ಲ ಆಲ್ಡಾಲ್ ಮರೆಯುತ್ತೆ ಅನ್ಕೋ.
ಆದ್ರೆ ಪಾಪದ ಹಾರ್ಮೋನ್ ಮೇಲೆ ಯಾಕೆ ಗೂಬೆ ಕೂರಿಸ್ತೀಯ, ಮೂರು ಗಂಟೆ ಮಲಗೋದು ನಿದ್ದೆನಾ?

ಎರಡು ಮಕ್ಕಳ ತಾಯಿ:
ಅದಕ್ಕೇ ಇರ್ಬೇಕು ನಮ್ಮತ್ತೆಗೆ ಆಸ್ತಮಾ ಜಾಸ್ತಿ ಆದಾಗ ಕೊಡೋ ಸ್ಟೀರಾಯ್ಡ್ ಮಾತ್ರೆ ಬೆಳಿಗ್ಗೆ ತಿಂಡಿ ಆದ್ಮೇಲೇ ತಗೊಳ್ಳಿ ಅಂತ ಡಾಕ್ಟ್ರು ಹೇಳಿದ್ದು. ಒಂದಿನ ಮರೆತು ರಾತ್ರಿ ನುಂಗಿಬಿಟ್ಟು ಮೂರು ಗಂಟೇಲಿ ಎದ್ದು ಲೈಟ್ ಹಾಕ್ಕೊಂಡು ಅವರೆಕಾಯಿ ಬಿಡಿಸ್ತಾ ಕೂತಿದ್ರು 😄 ಮೇಷ್ಟ್ರೇ, ಬೆಳಗಿನ ಜಾವದ ಕನಸು ತಲೆಬುಡ ಇಲ್ಲದೆ ಇರೋದಕ್ಕೂ ಇದೇ ಕಾರಣನಾ?

ಬಯಾಲಜಿ ಮೇಷ್ಟ್ರು:
ಒಳ್ಳೆ ಪ್ರಶ್ನೆ ಅಮ್ಮಾ. ಹೌದು, ಮಾತ್ರೆ ಕಾರ್ಟಿಸೋಲ್‌ನ ನೆಂಟನೇ. ಕನಸಿನ ಬಗ್ಗೆ ಪೇಯ್ನ್ ಮತ್ತು ನೇಡಲ್ ಅನ್ನೋರು 2004ರಲ್ಲಿ ಹಾಗೇ ವಾದಿಸಿದ್ರು, ಏರಿದ ಕಾರ್ಟಿಸೋಲ್ ಹಿಪ್ಪೋಕ್ಯಾಂಪಸ್ ಕಾರ್ಟೆಕ್ಸ್ ನಡುವಿನ ಮಾತುಕತೆ ಕೆಡಿಸುತ್ತೆ, ಅದಕ್ಕೇ ಕಥೆ ತುಂಡುತುಂಡು ಅಂತ. ಅದು ವಾದ ಅಷ್ಟೇ, ಮೇಲಿನ ಡ್ರಿಪ್ ಪ್ರಯೋಗದ ಥರ ನೇರ ಪರೀಕ್ಷೆ ಅಲ್ಲ.

ನಿದ್ದೆಗೆಟ್ಟವನು:
ಥ್ಯಾಂಕ್ಸ್ ಸಾರ್. ಇವತ್ತಿಂದ ಹನ್ನೊಂದಕ್ಕೇ ಮಲಗೋದು. ಅಪ್ಪಂಗೆ ಇದನ್ನ ಓದಿ ಹೇಳ್ದೆ, ಪೂರ್ತಿ ಕೇಳ್ಸ್ಕೊಂಡು "ಸರಿ, ಐದೂವರೆಗೆ ಎಬ್ಬಿಸ್ತೀನಿ" ಅಂದ್ರು.