ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ವಕೀಲರ ಫೀಸೇ 40 ಸಾವಿರ. ಏನು ಮಾಡಲಿ?

ಬಾಡಿಗೆಪಾಡು:
ಬೆಂಗಳೂರಲ್ಲಿ ಮನೆ ಖಾಲಿ ಮಾಡಿ ನಾಲ್ಕು ತಿಂಗಳಾಯಿತು. 1.2 ಲಕ್ಷ ಅಡ್ವಾನ್ಸ್‌ನಲ್ಲಿ ಓನರ್ ಒಂದು ಪೈಸೆ ಕೊಟ್ಟಿಲ್ಲ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲಿ, ಬೇಡ ಅಂದಿಲ್ಲ. ಈಗ ಫೋನೇ ಎತ್ತುವುದಿಲ್ಲ. ಕೇಸ್ ಹಾಕಿದರೆ ಬರುವುದಕ್ಕಿಂತ ಹೋಗುವುದೇ ಜಾಸ್ತಿ ಆಗುತ್ತಾ? ಅಗ್ರಿಮೆಂಟ್ ಹೆಂಡತಿಯ ಹೆಸರಲ್ಲಿದೆ.

ಕಟ್ಟೆಪುರಾಣ:
ಕೊನೆಯ ಸಾಲನ್ನು ಮೊದಲು ಹೇಳಬೇಕಿತ್ತು ಮಾರಾಯ್ರೇ! 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಎಸ್‌ಸಿ, ಎಸ್‌ಟಿಯವರಿಗೂ ಹಾಗೇ. ಸಹಾಯವಾಣಿ 15100. ಅಗ್ರಿಮೆಂಟ್, ಅಡ್ವಾನ್ಸ್ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್, ಕೀ ಕೊಟ್ಟ ದಿನದ ವಾಟ್ಸಾಪ್ ಮೆಸೇಜ್, ಎಲ್ಲದರ ಪ್ರಿಂಟ್ ತೆಗೆದುಕೊಂಡು ಪ್ರಾಧಿಕಾರದ ಕಚೇರಿಗೆ ಹೋಗಿ.

ಸುಮ್ನಿರೋನು:
ಉಚಿತ ವಕೀಲರು ಅಂದ್ರೆ ಅಲೆದಾಟ ತಪ್ಪುತ್ತಾ? ವಾಯಿದೆ ಮೇಲೆ ವಾಯಿದೆ. ಅರ್ಧಕ್ಕೆ ರಾಜಿ ಮಾಡಿಕೊಳ್ಳಿ.

ಕಟ್ಟೆಪುರಾಣ:
ಅರ್ಧ ಯಾಕ್ರೀ ಬಿಡಬೇಕು? ಮೊದಲು ಸ್ಪೀಡ್ ಪೋಸ್ಟಲ್ಲಿ ರಿಜಿಸ್ಟ್ರೇಷನ್ ಸೇರಿಸಿ ನೋಟಿಸ್ ಕಳಿಸಿ, 15 ದಿನ ಟೈಮ್ ಕೊಡಿ. ಎಷ್ಟೋ ಓನರ್‌ಗಳು ಅಲ್ಲಿಗೇ ಮೆತ್ತಗಾಗುತ್ತಾರೆ. ಆಗಲಿಲ್ಲವಾ, ಕೇಸ್ ಹಾಕುವ ಮುಂಚೆಯೇ ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ. ಒಪ್ಪಂದ ಆದರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ ಬಲ, ಅಪೀಲೂ ಇಲ್ಲ. ಹಾಗಾಗಿ ಮೊತ್ತ, ತಾರೀಖು ಎರಡನ್ನೂ ಓದಿ ನೋಡಿಯೇ ಸಹಿ ಹಾಕಿಸಿ. ಓನರ್ ಒಪ್ಪದಿದ್ದರೆ ಮಾತ್ರ ದಾವೆ.

ಬಾಡಿಗೆಪಾಡು:
ನೋಟಿಸ್ ನಾವೇ ಬರೆಯಬಹುದಾ?

ಕಟ್ಟೆಪುರಾಣ:
ಧಾರಾಳವಾಗಿ. ಪೋಸ್ಟ್ ರಸೀದಿ, ತಲುಪಿದ್ದಕ್ಕೆ ಸಿಗುವ ಪುರಾವೆ ಮಾತ್ರ ಕಳೆಯಬೇಡಿ.