ಅಜ್ಜಿ ಹೆಣೆದ ಬಿಳಿ ಫ್ರಾಕು, ತಾಯಿ ಕೇಳಿದ ಬಿಳಿ ಫೋಟೋ: ಎಕ್ಸ್‌ಪೋಷರ್ ಯಾರ ಮಾತು ಕೇಳಬೇಕು?

ಶಿರಸಿ ಸ್ಟುಡಿಯೊ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಫೋಟೋ, ಉಪನಯನ, ಮದುವೆ ಇವೆಲ್ಲ ಹೊಟ್ಟೆಪಾಡು. ಮಕ್ಕಳ ಫೋಟೋ ಮಾತ್ರ ಖುಷಿಗೆ ತೆಗೆಯುವುದು. ಈಗ ಆ ಖುಷಿಯೇ ಎರಡು ವಾರದಿಂದ ನಿದ್ದೆ ಕೆಡಿಸಿದೆ.

ಸೋಂದಾ ಕಡೆಯ ಒಂದು ತೋಟದ ಮನೆ. ಮಗುವಿಗೆ ಒಂದು ವರ್ಷ ತುಂಬಿತ್ತು. ತಾಯಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ಹುಟ್ಟುಹಬ್ಬಕ್ಕೆಂದು ಊರಿಗೆ ಬಂದಿದ್ದರು. ವಾರದ ಮೊದಲೇ ಇನ್‌ಸ್ಟಾಗ್ರಾಂನಿಂದ ಹನ್ನೊಂದು ಚಿತ್ರ ಕಳುಹಿಸಿ ‘ಹೀಗೇ ಬೇಕು’ ಎಂದಿದ್ದರು. ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂತಿದ್ದವು: ಬಿಳಿ ಪರದೆ, ಬಿಳಿ ಹಾಸಿಗೆ, ಹಿಂದಿನಿಂದ ಬೆಳಕು, ಗಿಡಮರಗಳೂ ತಿಳಿ ಬೂದಿ. ನಾನು ‘ಆಗಲಿ’ ಎಂದುಬಿಟ್ಟೆ.

ಅಂಗಳದಲ್ಲಿ ತೆಗೆಯೋಣವೆಂದರೆ ಫೆಬ್ರವರಿ ತಿಂಗಳು, ಕಾಲಿಡಲು ಜಾಗವಿಲ್ಲದಂತೆ ಅಡಿಕೆ ಹರವಿದ್ದರು. ಒಂದು ಮೂಲೆ ಖಾಲಿ ಮಾಡಿಕೊಡಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೀಗಾಗಿ ತೋಟಕ್ಕೆ ಇಳಿದೆವು. ಮಗು ನಿದ್ದೆಯಿಂದ ಎದ್ದದ್ದೇ ಹನ್ನೊಂದು ಗಂಟೆಗೆ. ಸೋಗೆಯ ಸಂದಿಯಿಂದ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಬೆಳಕಿನ ಮೀಟರ್ ಹಿಡಿದು ನೋಡಿದರೆ ಬಿಸಿಲ ಮಚ್ಚೆಗೂ ನೆರಳಿಗೂ ಮೂರು ಸ್ಟಾಪ್ ಅಂತರ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು), ಅಂದರೆ ಎಂಟು ಪಟ್ಟು. ಮಗುವಿನ ಮೈಮೇಲೆ ಅಜ್ಜಿ ನಾಲ್ಕು ತಿಂಗಳು ಕುಳಿತು ಕ್ರೋಶಾದಲ್ಲಿ ಹೆಣೆದ ಫ್ರಾಕು. ಎದೆಯ ಮೇಲೆ ಮೂರು ಸಾಲು ಹೂವು, ಬಿಳಿಯ ಮೇಲೆ ಬಿಳಿ.

ನಾನು ಫ್ರಾಕನ್ನು ಉಳಿಸಿಕೊಳ್ಳುವ ಹಾಗೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಇಟ್ಟೆ. ಒಂದೊಂದು ಹೂವನ್ನೂ ಎಣಿಸಬಹುದಿತ್ತು. ಮುಖ ಮಂಕಾಗಿತ್ತು, ಅದನ್ನು ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಸ್ವಲ್ಪ ಎತ್ತಿಕೊಟ್ಟೆ. ರಾತ್ರಿ ಹನ್ನೊಂದೂವರೆಗೆ ತಾಯಿಯ ಸಂದೇಶ: ‘ಎಲ್ಲ ಕಪ್ಪಾಗಿದೆ, ಹಳದಿಯೂ ಆಗಿದೆ. ನಾನು ಕಳುಹಿಸಿದ ಹಾಗೆ ಮಾಡಿಕೊಡಿ.’ ಮರುದಿನ ಇಡೀ ಚಿತ್ರವನ್ನು ಒಂದೂಕಾಲು ಸ್ಟಾಪ್ ಏರಿಸಿ, ಅವರು ಹೇಳಿದ ಪ್ರಿಸೆಟ್ಟನ್ನೂ (ಬಣ್ಣ ಬದಲಿಸುವ ಸಿದ್ಧ ಹೊಂದಾಣಿಕೆ) ಹಾಕಿ ಕಳುಹಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ಆದರೆ ಸಂಜೆ ಅಜ್ಜಿಯ ಫೋನ್ ಬಂತು: ‘ತಮ್ಮಾ, ನಾನು ಹಾಕಿದ ಹೂವೆಲ್ಲ ಎಲ್ಲಿಗೆ ಹೋಯಿತು?’ ಹಿಂದಿನಿಂದ ಅಜ್ಜನ ದನಿ: ‘ತೋಟ ಯಾಕೆ ಹೀಗೆ ಕಂದಾಗಿದೆ ಕೇಳು. ನಮಗೂ ಎಲೆಚುಕ್ಕಿ ರೋಗ ಬಂತೇನು?’

ಹಣ ಕೊಡುವವರು ತಾಯಿ. ಹೂವು ಅಜ್ಜಿಯದು. ಆಲ್ಬಂ ಇನ್ನೂ ಲ್ಯಾಬಿಗೆ ಹೋಗಿಲ್ಲ. ಗಿರಾಕಿ ಕೇಳಿದ ಶೈಲಿಗಾಗಿ ಕಣ್ಣೆದುರೇ ಚಿತ್ರವನ್ನು ಸುಡುವುದು, ಅಂದರೆ ವಿವರ ಅಳಿಸುವಷ್ಟು ಬಿಳಿಯಾಗಿಸುವುದು, ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕಾರವಾರ ಕಡಲತಡಿ

ನಿಮ್ಮ ಲೆಕ್ಕವೇ ತಪ್ಪಿದೆ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಆ ಶೈಲಿಗೂ ಸರಿಯಾದ ಎಕ್ಸ್‌ಪೋಷರಿಗೂ ಜಗಳವೇ ಇಲ್ಲ. ಅವರು ಕಳುಹಿಸಿದ ಹನ್ನೊಂದರಲ್ಲಿ ಒಂದನ್ನು ಕಂಪ್ಯೂಟರಿನಲ್ಲಿ ತೆರೆದು ಮಗುವಿನ ಕೆನ್ನೆಯ ಮೇಲೆ ಕರ್ಸರ್ ಇಟ್ಟು ನೋಡಿ. ಚೆನ್ನಾಗಿ ತೆಗೆದ ಚಿತ್ರವಾದರೆ ಅಲ್ಲಿ ಕೆಂಪು, ಹಸಿರು, ನೀಲಿ ಯಾವ ಬಣ್ಣದ ಅಂಕಿಯೂ ಗರಿಷ್ಠವಾದ 255 ಮುಟ್ಟಿರುವುದಿಲ್ಲ. 255 ಮುಟ್ಟಿರುವುದು ಹಿಂದಿನ ಕಿಟಕಿ ಅಥವಾ ಆಕಾಶ. ಅಂದರೆ ಅವರು ಚಿತ್ರವನ್ನು ಬಿಳಿ ಮಾಡಿಲ್ಲ, ಬಿಳಿಯ ಮುಂದೆ ಮಗುವನ್ನು ಕೂರಿಸಿದ್ದಾರೆ. ನೀವು ಕತ್ತಲೆಯ ಮುಂದೆ ಕೂರಿಸಿ ಆಮೇಲೆ ಸುಣ್ಣ ಬಳಿದಿರಿ.

ನಾನು ಹೆಚ್ಚಾಗಿ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿಯೇ ಮಕ್ಕಳ ಫೋಟೋ ತೆಗೆಯುವವನು. (ಅರ್ಧ ಜನಕ್ಕೆ ಮಗುವೂ ಬೇಕು, ಹಿಂದೆ ಅಲ್ಲಿ ಪ್ರದರ್ಶನಕ್ಕಿಟ್ಟ ಯುದ್ಧನೌಕೆಯೂ ಬೇಕು. ಅದು ಬೇರೆಯೇ ಸಂಕಟ.) ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಕಡಲು. ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗ ಮಗುವಿನ ಬೆನ್ನನ್ನು ಸೂರ್ಯನ ಕಡೆಗೆ ತಿರುಗಿಸುತ್ತೇನೆ. ಆಗ ಮುಖವೂ ಫ್ರಾಕಿನ ಎದುರುಭಾಗವೂ ಒಂದೇ ನೆರಳಿನಲ್ಲಿರುತ್ತವೆ, ಅವುಗಳ ನಡುವೆ ದೊಡ್ಡ ಅಂತರ ಉಳಿಯುವುದಿಲ್ಲ. ಮರಳು ಕೆಳಗಿನಿಂದ ಬೆಳಕು ಎಸೆಯುತ್ತದೆ, ಬಾಡಿಗೆ ಕೊಡದೆ ಸಿಗುವ ರಿಫ್ಲೆಕ್ಟರ್ ಅದು. ಮುಖಕ್ಕೆ ಎಕ್ಸ್‌ಪೋಷರ್ ಇಟ್ಟರೆ ಹಿಂದಿನ ಕಡಲೂ ಆಕಾಶವೂ ತಾವಾಗಿಯೇ ಒಂದೂವರೆ ಎರಡು ಸ್ಟಾಪ್ ಮೇಲೇರಿ ಹಾಲಾಗುತ್ತವೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಹೊಳೆಯುವ ಆಕಾಶ ನೋಡಿ ಹೆದರಿ ಮಗುವನ್ನು ಕಪ್ಪು ಮಾಡುತ್ತದೆ. ಎಲ್ಲವನ್ನೂ ನಡುಬೂದಿಗೆ ಎಳೆಯುವುದೇ ಮೀಟರಿನ ಬುದ್ಧಿ. ಆದ್ದರಿಂದ ಮುಖಕ್ಕೆ ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಹಿಡಿಯಿರಿ, ಇಲ್ಲವೇ ಒಂದರಿಂದ ಒಂದೂವರೆ ಸ್ಟಾಪ್ ಕೂಡಿಸಿ.

ಇನ್ನೊಂದು ವಿಷಯ. ಸಂಜೆಯ ಕೆಂಪು ಬೆಳಕು ನೇರವಾಗಿ ಕೆನ್ನೆಗೆ ಬಿದ್ದಾಗ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿ ಚೆಲ್ಲುತ್ತದೆ. ಕ್ಯಾಮೆರಾದ ಹಿಂದೆ ಕಾಣುವ ಒಂದೇ ಬಣ್ಣದ ಹಿಸ್ಟೋಗ್ರಾಮ್ (ಚಿತ್ರದ ಕತ್ತಲೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಅದನ್ನು ಹೇಳುವುದಿಲ್ಲ, ಮೂರು ಬಣ್ಣದ್ದನ್ನು ಇಟ್ಟುಕೊಳ್ಳಿ. ಇದನ್ನು ಕಲಿಯುವುದಕ್ಕೆ ಒಂದು ಇಡೀ ನಾಮಕರಣವನ್ನು ಹಾಳು ಮಾಡಿಕೊಂಡಿದ್ದೇನೆ. ಮಗುವಿನ ಮೂಗಿನ ಮೇಲೆ ಕಿತ್ತಳೆ ಬಣ್ಣದ ಸಪಾಟು ತೇಪೆ ಹಚ್ಚಿದ ಹಾಗಿತ್ತು.

ಶಿರಸಿ ಸ್ಟುಡಿಯೊ

ಬೇಸರವೇನಿಲ್ಲ, ಸುಣ್ಣದ ಮಾತು ಸರಿಯಾಗಿಯೇ ತಗುಲಿತು. ನೀವು ಹೇಳಿದಂತೆ ನೋಡಿದೆ, ಹನ್ನೊಂದರಲ್ಲಿ ಒಂಬತ್ತರ ಕೆನ್ನೆ ಸುಟ್ಟಿಲ್ಲ. ಆದರೆ ನಮಗೆ ಕಡಲೆಲ್ಲಿದೆ ಮಾರಾಯರೇ? ಇಲ್ಲಿ ಎತ್ತ ತಿರುಗಿದರೂ ಹಸಿರು. ಅಡಿಕೆ ಮರದ ಕೆಳಗೆ ಮಗು ನಿಂತರೆ ಮುಖಕ್ಕೂ ಹಸಿರು ಬಡಿಯುತ್ತದೆ. ಅದನ್ನು ತೆಗೆಯಲು ಹೋದರೆ ತೋಟ ನೇರಳೆಯಾಗುತ್ತದೆ.

ಹೊನ್ನಾವರ ಹೊಳೆದಂಡೆ

ತೋಟದ ಒಳಗೆ ಹೋಗಬೇಡಿ, ಅಂಚಿನಲ್ಲಿ ನಿಲ್ಲಿ. ಸಂಕ (ಕಾಲುಸೇತುವೆ) ದಾಟುವ ಜಾಗದಲ್ಲಿ, ಸೋಗೆಯ ನೆರಳು ಮುಗಿದು ಆಕಾಶ ತೆರೆದುಕೊಳ್ಳುವ ಕಡೆ ಮಗುವಿನ ಮುಖವಿರಲಿ. ನೆರಳಿರುವ ಬದಿಗೆ ಒಂದು ಥರ್ಮಾಕೋಲ್ ಹಲಗೆ ಹಿಡಿದರೆ ಹಸಿರೂ ಇಳಿಯುತ್ತದೆ. ಮಚ್ಚೆಬಿಸಿಲು ತಪ್ಪಿಸಲಾಗದಿದ್ದರೆ ಮನೆಯಲ್ಲಿ ಒಗೆದಿಟ್ಟ ಬಿಳಿ ಪಂಚೆಯನ್ನು ಇಬ್ಬರು ಮಗುವಿನ ತಲೆಯ ಮೇಲೆ ಅಗಲವಾಗಿ ಹಿಡಿಯಲಿ. ಚಿರೇಕಲ್ಲಿನ ಗೋಡೆಯ ಪಕ್ಕ ಮಾತ್ರ ಬೇಡ, ಮಗು ಅರ್ಧ ಕೆಂಪು ಅರ್ಧ ಹಸಿರಾಗಿ ಬೊಂಬಾಯಿ ಮಿಠಾಯಿಯ ಹಾಗೆ ಕಾಣುತ್ತದೆ.

ಈಗ ಆದದ್ದಕ್ಕೆ ಮದ್ದು: ರಾ ಫೈಲ್ (ಕ್ಯಾಮೆರಾ ಹಿಡಿದ, ಸಂಸ್ಕರಿಸದ ಮೂಲ ಫೈಲ್) ಇದೆ ತಾನೇ? ನೀವು ಫ್ರಾಕನ್ನು ಉಳಿಸಿಯೇ ತೆಗೆದಿದ್ದೀರಿ, ಹಾಗಾದರೆ ಹೂವು ಅದರಲ್ಲಿ ಭದ್ರವಾಗಿದೆ. ಜೆಪೆಗ್‌ನಲ್ಲಿ ಒಮ್ಮೆ ಬಿಳಿಯಾದದ್ದು ಬಿಳಿಯೇ, ರಾದಿಂದ ಮತ್ತೆ ಶುರುಮಾಡಿ. ಲೈಟ್‌ರೂಮಿನ ಮಾಸ್ಕಿನಲ್ಲಿ ಈಗ ಚರ್ಮವನ್ನೂ ಬಟ್ಟೆಯನ್ನೂ ಬೇರೆಬೇರೆಯಾಗಿ ಹಿಡಿಯಬಹುದು. ಮುಖವನ್ನೂ ಹಿನ್ನೆಲೆಯನ್ನೂ ಏರಿಸಿ, ಫ್ರಾಕನ್ನು ಇದ್ದಲ್ಲಿಯೇ ಬಿಡಿ.

ಆದರೆ ಅದಕ್ಕೂ ಮೊದಲು ಆ ತಾಯಿಯನ್ನು ಒಂದು ಪ್ರಶ್ನೆ ಕೇಳಿ. ಅವರು ಕೇಳುತ್ತಿರುವುದು ಬೆಳಕೋ ಬಿಳುಪೋ? ನನ್ನ ಬಳಿ ಬರುವವರಲ್ಲಿ ಅನೇಕರು ‘ಬ್ರೈಟ್ ಮಾಡಿ’ ಎನ್ನುವುದು ಮಗುವಿನ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು. ಅದು ಬೆಳಕಿನ ಮಾತಾದರೆ ರಾತ್ರಿಯಿಡೀ ಕುಳಿತು ಮಾಡಿಕೊಡುತ್ತೇನೆ. ಬಣ್ಣದ ಮಾತಾದರೆ ಮುಂಗಡ ವಾಪಸು ಕೊಡುತ್ತೇನೆ. ಹಾಗೆ ಎರಡು ಸಲ ಕೊಟ್ಟಿದ್ದೇನೆ. ಎರಡನೆಯ ಸಲ ಮನೆಯಲ್ಲಿ ಬೈಗುಳ ತಿಂದೆ.

ಕುಮಟೆಯ ಹಳಬ

ಮುಂಗಡ ವಾಪಸು ಕೊಟ್ಟವರಿಗೆ ನಮಸ್ಕಾರ. ನಾನು ಕೊಟ್ಟವನಲ್ಲ. ನಮ್ಮ ಕಾಲದಲ್ಲಿ ಕಪ್ಪುಬಿಳುಪು ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ ಹಿಡಿದು ಮುಖ ತಿದ್ದುತ್ತಿದ್ದೆವು. ನೆಗೆಟಿವ್‌ನಲ್ಲಿ ಸೀಸ ಕೂತ ಜಾಗ ಪ್ರಿಂಟ್‌ನಲ್ಲಿ ತಿಳಿಯಾಗಿ ಬರುತ್ತದೆ. ಮದುವೆಗೆ ಹೆಣ್ಣು ತೋರಿಸುವ ಫೋಟೋಗಳಿಗಾಗಿ ನನ್ನ ಎಷ್ಟು ಪೆನ್ಸಿಲ್ ಸವೆದಿದೆಯೋ ಲೆಕ್ಕವಿಲ್ಲ. ಆ ಫೋಟೋಗಳು ಈಗಲೂ ಕೆಲವು ಮನೆಗಳ ಗೋಡೆಯ ಮೇಲಿವೆ. ಮಾತನಾಡಿಸಲು ಹೋದಾಗ ಅತ್ತ ನೋಡುವುದಿಲ್ಲ.

ಶಿರಸಿಯವರಿಗೆ ಒಂದು ಮಾತು. ನೆಗೆಟಿವ್ ಫಿಲ್ಮ್ ಒಂದೆರಡು ಸ್ಟಾಪ್ ಹೆಚ್ಚಾದರೂ ತಾಳಿಕೊಳ್ಳುತ್ತಿತ್ತು, ಕಡಿಮೆಯಾದರೆ ತಾಳುತ್ತಿರಲಿಲ್ಲ. ಡಿಜಿಟಲ್ ಅದಕ್ಕೆ ಉಲ್ಟಾ. ನೀವು ತೆಗೆದದ್ದು ಸರಿ, ಕೊಟ್ಟದ್ದು ತಪ್ಪು. ಮೊಬೈಲಿಗೆ ಕಳುಹಿಸಿ ಒಪ್ಪಿಗೆ ಕೇಳುವುದನ್ನು ನಿಲ್ಲಿಸಿ. ಮೊಬೈಲ್ ಒಳಗಿನಿಂದ ಬೆಳಗುತ್ತದೆ, ಕಾಗದ ಕೋಣೆಯ ಬೆಳಕನ್ನು ಸಾಲ ಪಡೆದು ಕಾಣುತ್ತದೆ. 5x7 ಅಳತೆಯ ಎರಡು ಪ್ರಿಂಟ್ ಹಾಕಿಸಿ, ಒಂದು ನಿಮ್ಮದು, ಒಂದು ಅವರದು. ಮನೆಗೆ ಹೋಗಿ ಕಿಟಕಿಯ ಹತ್ತಿರ ಮೇಜಿನ ಮೇಲಿಡಿ. ಬಾಯಿ ಮುಚ್ಚಿಕೊಂಡು ಚಹಾ ಕುಡಿಯಿರಿ.

ಅಂಕೋಲೆಯ ಅಮ್ಮ

ನಾನು ಫೋಟೋಗ್ರಾಫರ್ ಅಲ್ಲ, ಎರಡು ಮಕ್ಕಳ ತಾಯಿ. ಕ್ಯಾಮೆರಾ ಕೊಳ್ಳುವ ವಿಚಾರ ಹುಡುಕುತ್ತ ಇಲ್ಲಿಗೆ ಬಂದೆ. ನಿಮ್ಮ ಗಿರಾಕಿಯ ಪರವಾಗಿ ಯಾರೂ ಮಾತನಾಡಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ಸಂದೇಶ ರಾತ್ರಿ ಹನ್ನೊಂದೂವರೆಗೆ ಬಂತು ಎಂದಿರಿ. ಒಂದು ವರ್ಷದ ಮಗುವಿನ ತಾಯಿ ಆ ಹೊತ್ತಿನಲ್ಲಿ ಫೋಟೋ ಎಲ್ಲಿ ನೋಡುತ್ತಾಳೆ? ದೀಪ ಆರಿಸಿದ ಕೋಣೆಯಲ್ಲಿ, ಮಗು ಏಳಬಾರದೆಂದು ಪರದೆಯ ಬೆಳಕನ್ನು ತಳಕ್ಕಿಳಿಸಿ, ಕಣ್ಣಿಗೆ ಹಿತವೆಂದು ಹಳದಿ ಮಾಡುವ ಆ ಸೌಲಭ್ಯವನ್ನೂ ಹಾಕಿಕೊಂಡು. ‘ಕಪ್ಪಾಗಿದೆ, ಹಳದಿಯಾಗಿದೆ’ ಎನ್ನದೆ ಇನ್ನೇನು ಹೇಳಿಯಾಳು? ನಾನೂ ಹೀಗೆಯೇ ಮಾಡಿ ನಮ್ಮ ಫೋಟೋಗ್ರಾಫರನ್ನು ಮೂರು ಸಲ ತಿದ್ದಿಸಿದ್ದೇನೆ. ಆಲ್ಬಂ ಬಂದಾಗ ನನ್ನ ಮಗನ ಹುಬ್ಬೇ ಇರಲಿಲ್ಲ.

ಇನ್ನು ಆ ಹನ್ನೊಂದು ಚಿತ್ರ. ನಮಗೆ ನಿಮ್ಮ ಭಾಷೆ ಬರುವುದಿಲ್ಲ, ಅದಕ್ಕೆ ಚಿತ್ರ ಕಳುಹಿಸುತ್ತೇವೆ. ‘ಇದರಲ್ಲಿ ನಿಮಗೆ ಹಿಡಿಸಿದ್ದು ಏನು’ ಎಂದು ನೀವು ಕೇಳಿದ್ದರೆ ಅವರು ಬಿಳಿ ಎನ್ನದೆ ಆ ಮಗುವಿನ ನಗು ಎಂದೂ ಹೇಳಬಹುದಿತ್ತು.

ಶಿರಸಿ ಸ್ಟುಡಿಯೊ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮದುವೆಯ ಸೀಸನ್ನು.

ಹೊನ್ನಾವರದವರು ಹೇಳಿದಂತೆ ರಾದಿಂದ ಮತ್ತೆ ಮಾಡಿದೆ. ಮುಖ ಮುಕ್ಕಾಲು ಸ್ಟಾಪ್ ಮೇಲೆ, ಹಿನ್ನೆಲೆ ಅದಕ್ಕಿಂತ ಹೆಚ್ಚು, ಫ್ರಾಕು ಇದ್ದಲ್ಲಿಯೇ. ಪ್ರಿಸೆಟ್ ತೆಗೆದು ಹಸಿರನ್ನು ಸ್ವಲ್ಪ ತಿಳಿ ಮಾತ್ರ ಮಾಡಿದೆ. ಕುಮಟೆಯ ಹಿರಿಯರ ಮಾತಿನಂತೆ ಪ್ರಿಂಟ್ ಹಾಕಿಸಿ ಸೋಂದಾಕ್ಕೆ ಹೋದೆ. ತಾಯಿ ಅಂದು ಬೆಂಗಳೂರಿನಿಂದ ಬಂದಿದ್ದರು. ರಾತ್ರಿಯ ಮೊಬೈಲಿನ ವಿಷಯ ಮೆಲ್ಲನೆ ಕೇಳಿದೆ. ನಕ್ಕುಬಿಟ್ಟರು, ಹೌದಂತೆ, ಮಗುವಿಗೆ ಹಾಲು ಕುಡಿಸುತ್ತ ನೋಡಿದ್ದಂತೆ. ಬೆಳಕೋ ಬಿಳುಪೋ ಎಂಬುದನ್ನು ಕೇಳುವ ಸಂದರ್ಭವೇ ಬರಲಿಲ್ಲ. ‘ಇವಳು ನನ್ನ ಬಣ್ಣವೇ, ಅದು ಹಾಗೇ ಇರಲಿ, ಮಬ್ಬು ಬೇಡ ಅಷ್ಟೇ’ ಎಂದು ಅವರೇ ಹೇಳಿದರು. ಹನ್ನೊಂದರಲ್ಲಿ ಹಿಡಿಸಿದ್ದೇನು ಎಂದರೆ, ಹಿಂದಿನಿಂದ ಬೆಳಕು ಬಂದು ಕೂದಲಿನ ಅಂಚು ಹೊಳೆಯುವುದಂತೆ. ಅಷ್ಟಕ್ಕೆ ಇಷ್ಟೆಲ್ಲ ಆಯಿತು. ಅಂಗಳದ ಅಡಿಕೆ ಈಗ ಖಾಲಿಯಾಗಿದೆ. ಮುಂದಿನ ಭಾನುವಾರ ಸಂಜೆ ಐದಕ್ಕೆ ನಾಲ್ಕು ಚಿತ್ರ ಮತ್ತೆ ತೆಗೆದುಕೊಡುತ್ತೇನೆ, ಹಣ ಬೇಡವೆಂದಿದ್ದೇನೆ.

ಮೇಜಿನ ಮೇಲಿನ ಎರಡು ಪ್ರಿಂಟ್‌ಗಳಲ್ಲಿ ತಾಯಿ ಹೊಸದನ್ನೇ ಆರಿಸಿದರು. ಅಜ್ಜ ತೋಟ ನೋಡಿ ‘ಹಾಂ’ ಎಂದರು. ಅಜ್ಜಿ ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದರು. ಬೆರಳಿಟ್ಟು ಸಾಲುಸಾಲಾಗಿ ಎಣಿಸಿದರು. ನನಗೋ ಎದೆಯುಬ್ಬಿತು. ಆಮೇಲೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಎರಡನೆಯ ಸಾಲಿನ ಕೊನೆಯ ಹೂವನ್ನು ತೋರಿಸಿದರು. ಅದೊಂದರಲ್ಲಿ ಒಂದು ಎಸಳು ಕಡಿಮೆ ಬಿದ್ದಿದೆ, ನಾಲ್ಕು ತಿಂಗಳಲ್ಲಿ ಅವರ ಕಣ್ಣಿಗೇ ಬಿದ್ದಿರಲಿಲ್ಲ.

‘ತಮ್ಮಾ, ಆವತ್ತು ಎಲ್ಲವನ್ನೂ ಬೆಳ್ಳಗೆ ಮಾಡಿದ್ದೆಯಲ್ಲ, ಇದೊಂದನ್ನು ಹಾಗೆ ಮಾಡಲು ಬರುತ್ತದೆಯೇ?’

ಆಲ್ಬಂ ಸೋಮವಾರ ಲ್ಯಾಬಿಗೆ ಹೋಗಬೇಕು. ಈಗ ಏನು ಮಾಡಲಿ ಹೇಳಿ.